1931ರಲ್ಲೇ ಮುಗಿದ ಕರಾರು

"ಹೊಸದು ಬೇಡ ಅಂತ ಯಾರೂ ಹೇಳ್ತಿಲ್ಲ. ಹಳೇದರ ಥರಾನೇ ಇರಲಿ ಅಂತಾರೆ, ಅಷ್ಟೇ," ಅಂದ ಮಂಜ.

ಅವನ ಗೋಳು ಇದು. ಒಂದು ಕಂಪನಿ ತನ್ನ ಕರಾರುಗಳ ಲೆಕ್ಕ ಇಡುವ ಹಳೇ ಸಾಫ್ಟ್‌ವೇರನ್ನು ಬ್ರೌಸರಿನಲ್ಲಿ ಓಡುವ ಹಾಗೆ ಮಾಡಬೇಕು. ಹಳೇದು ಅಂದರೆ ವಿಬಿ 6, ಅಂದರೆ ವಿಶುವಲ್ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಮೈಕ್ರೋಸಾಫ್ಟ್ ಅದನ್ನು ಬಿಟ್ಟಿದ್ದು 1998ರಲ್ಲಿ, ಕೈಬಿಟ್ಟಿದ್ದು 2008ರಲ್ಲಿ. ಡೇಟಾ ಪೂರ್ತಿ ಮೈಕ್ರೋಸಾಫ್ಟಿನದೇ ಡೇಟಾಬೇಸ್ ಆದ ಆಕ್ಸೆಸ್‌ನ ಒಂದು ಫೈಲಿನಲ್ಲಿ. ಅದು 2 ಜಿಬಿ ದಾಟುವಂತಿಲ್ಲ. ಹಾಗಾಗಿ ಆಗಾಗ ಹಳೇ ಕರಾರುಗಳನ್ನು ಬೇರೆ ಫೈಲಿಗೆ ಎತ್ತಿಹಾಕುತ್ತಾ ದಿನ ದೂಡಿದ್ದಾರೆ.

"ಫೈಲು ಎಲ್ಲಿದೆ?" ಅಂದಳು ಗಿರಿಜ.

"ಅಕೌಂಟ್ಸ್‌ನವರ ಮೇಜಿನ ಕೆಳಗಿರೋ ಕಂಪ್ಯೂಟರಲ್ಲಿ. 'ಆಫ್ ಮಾಡಬೇಡಿ' ಅಂತ ಚೀಟಿ ಅಂಟಿಸಿದಾರೆ. ಆಯುಧಪೂಜೆ ಕುಂಕುಮ ಇನ್ನೂ ಇದೆ."

"ಇಷ್ಟು ವರ್ಷ ಓಡಿರೋದು ಆ ಕುಂಕುಮದಿಂದಾನೇ ಕಣೋ," ಅಂದ ಪ್ರಸನ್ನ. ಬ್ಯಾಕಪ್ ಇದೆಯಾ ಅಂತ ಕೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ.

"ತಾರೀಖಿನ ಕಥೆ ಕೇಳಿ. ವರ್ಷಕ್ಕೆ ಎರಡೇ ಅಂಕಿ ಹೊಡೆದರೆ, 29ರ ತನಕ ವಿಬಿ ಅದನ್ನ ಈ ಶತಮಾನದ್ದು ಅಂದ್ಕೊಳ್ತಿತ್ತು, 29 ಅಂದ್ರೆ 2029. 30 ಅಂದ್ರೆ ಸೀದಾ 1930. 2001ರಲ್ಲಿ ಒಂದು ಗೋಡೌನ್ ಮೂವತ್ತು ವರ್ಷಕ್ಕೆ ಲೀಸ್ ತಗೊಂಡಿದಾರೆ. ಮುಗಿಯೋ ವರ್ಷ 31 ಅಂತ ಹೊಡೆದಿದಾರೆ."

"ಅಯ್ಯೋ, ಹಾಗಾದ್ರೆ ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ವಾ?"

"ಹಳೇ ಸ್ಕ್ರೀನಲ್ಲೂ ಕಡೇ ಎರಡು ಅಂಕಿ ಮಾತ್ರ ಕಾಣ್ತಿತ್ತು. 31 ಅಂತ ನೋಡಿ ಎಲ್ಲರೂ ನೆಮ್ಮದಿಯಾಗಿದ್ರು. ಹೊಸದು ನಾಲ್ಕೂ ಅಂಕಿ ತೋರಿಸಿತು. ತೋರಿಸಿ ಸುಮ್ನಿರಬಾರದಾ? ನಿಮ್ಮ ಕರಾರು ಮುಗಿದು ತೊಂಬತ್ತು ಚಿಲ್ಲರೆ ವರ್ಷ ಆಯ್ತು ಅಂತ ಗೋಡೌನ್ ಮಾಲೀಕರಿಗೆ ಈಮೇಲೂ ಕಳಿಸಿಬಿಡ್ತು. ಅವರು ಅಷ್ಟೂ ವರ್ಷದ ಬಾಡಿಗೆ ಬಾಕಿ ಕೇಳ್ಕೊಂಡು ಬಂದ್ರು!"

ಇದಾದ ಮೇಲೆ ಷರಾ ಕಾಲಂ. 'ಜಿಎಸ್‌ಟಿ ಬೇರೆ', 'ಕೇಳಿ ಕೊಡುವುದು', 'ಸಾಹೇಬರಿಗೆ ಗೊತ್ತು' ಎಲ್ಲ ಅದರಲ್ಲೇ. ನನ್ನ ಕೇಳಿದರೆ ಕಂಪನಿ ನಡೆಯುವುದೇ ಆ ಕಾಲಂನಿಂದ, ಉಳಿದ ಖಾನೆಗಳು ಆಡಿಟರ್‌ಗೆ ತೋರಿಸಲು. ಆದರೆ ಅದೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುವ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಕನ್ನಡಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್ ಅಲ್ಲ. ಬ್ರೌಸರಿಗೆ ತಂದರೆ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಕೊಂಬು, ಚುಕ್ಕಿ.

"ಅದಕ್ಕೆ ಕನ್ವರ್ಟರ್ ಇದೆಯಲ್ಲ?" ಅಂದೆ.

"ಹಾಕಿದ್ವಿ. ಕನ್ನಡ ಸರಿಹೋಯ್ತು. ನಡುನಡುವೆ ನಿಜವಾದ ಇಂಗ್ಲಿಷೂ ಇತ್ತು ನೋಡಿ, ಅದೂ ಕನ್ನಡ ಅಕ್ಷರ ಆಗಿಹೋಯ್ತು. ಪೆನಾಲ್ಟಿ ಅಂತ ಇದ್ದ ಕಡೆಯೆಲ್ಲ ಏನಿದೆ ಅಂತ ಓದೋಕೇ ಆಗ್ತಿಲ್ಲ."

"ವೆಂಡರ್‌ಗಳು ನಿನಗೆ ಶಾಲು ಹೊದಿಸ್ತಾರೆ ಬಿಡು," ಅಂದಳು ಗಿರಿಜ.

"ಶಾಲು ಇರಲಿ. ಹಳೇದರಲ್ಲಿ ಎಫ್5 ಒತ್ತಿದ್ರೆ ಸೇವ್. ಬ್ರೌಸರಲ್ಲಿ ಎಫ್5 ಒತ್ತಿದ್ರೆ ಪುಟ ರಿಫ್ರೆಶ್, ಟೈಪ್ ಮಾಡಿದ್ದೆಲ್ಲ ಮಾಯ. ಅಲ್ಲಿ ಒಬ್ಬರು ಹಿರಿಯರಿದಾರೆ, ಅವರ ಬೆರಳು ತಾನಾಗೇ ಎಫ್5ಗೆ ಹೋಗುತ್ತೆ. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಒಂದೇ ಕರಾರನ್ನ ತುಂಬ್ತಾನೇ ಇದ್ರು, ಪಾಪ."

"ಎಫ್5ಗೆ ಸೇವ್ ಅಂತಲೇ ಕೋಡ್ ಬರೆಯೋದಪ್ಪ," ಅಂದ ಪ್ರಸನ್ನ.

"ಬರೆದೆ ಮಾರಾಯ. ಈಗ ಮ್ಯಾನೇಜರು ದಿನಾ ಫೋನ್ ಮಾಡ್ತಾರೆ. ಅವರಿಗೆ ರಿಫ್ರೆಶ್ ಮಾಡೋ ಚಟ. ಒತ್ತಿದಾಗಲೆಲ್ಲ ಅರ್ಧಂಬರ್ಧ ತುಂಬಿದ ಒಂದೊಂದು ಕರಾರು ಸೇವ್ ಆಗ್ತಿದೆ!"