ಹಾರ್ಮೋನ್ ಶುರುವಾದ ಮೇಲೆ ಹೊಟ್ಟೆ ಸರಿಯಿಲ್ಲ, ನಿಮಗೂ ಹೀಗಾಗಿತ್ತಾ?

ಸಹನಾ, ತುಮಕೂರು: ನಾನು ಟ್ರಾನ್ಸ್ ಹೆಂಗಸು. ಎಸ್ಟ್ರಾಡಯೋಲ್ (ಹೆಣ್ಣು ಹಾರ್ಮೋನ್) ಮಾತ್ರೆ, ಗಂಡು ಹಾರ್ಮೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎರಡೂ ನಡೀತಿದೆ. ಹೊಟ್ಟೆ ಉಬ್ಬರ, ನಡುನಡುವೆ ಭೇದಿ. ಕರುಳಿನ ಬ್ಯಾಕ್ಟೀರಿಯಾ ಹಾರ್ಮೋನ್ ಕೆಡಿಸುತ್ತವೆ ಅಂತ ಯಾರೋ ಹೇಳಿದರು. ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್) ತಗೊಳ್ಳಲಾ? ಅನುಭವ ಇದ್ದವರು ಹೇಳಿ.

ಚಂದ್ರಿಕಾ: ಮಾತ್ರೆಯಲ್ಲಿದ್ದಾಗ ನನ್ನ ಎಸ್ಟ್ರಾಡಯೋಲ್ ಮಟ್ಟ ಏರಲೇ ಇಲ್ಲ. ಒಂದು ಕಂಪನಿಯವರು ಕರುಳು ಪರೀಕ್ಷೆ ಮಾಡಿ ಕಾರಣ ಹೇಳುತ್ತೇವೆ ಅಂದರು. 11,500 ರೂಪಾಯಿ. ಮಲದ ಸ್ಯಾಂಪಲ್ ಕೊರಿಯರ್‌ಗೆ ಬೇರೆ 350. ಬಣ್ಣಬಣ್ಣದ ರಿಪೋರ್ಟ್ ಬಂತು, ಅದರಲ್ಲಿ ನನ್ನನ್ನು ಗಂಡಸರ ಸರಾಸರಿ ಜೊತೆ ಹೋಲಿಸಿದ್ದಾರೆ! ಫೋನ್ ಮಾಡಿದರೆ ಟ್ರಾನ್ಸ್ ಹೆಂಗಸರಿಗೆ ಬೇರೆ ಅಳತೆ ಇಲ್ಲ ಅಂದರು. ಇದನ್ನು ದುಡ್ಡು ತಗೊಳ್ಳುವ ಮೊದಲೇ ಹೇಳಬಹುದಿತ್ತಲ್ವಾ? ಮೇಲಿಂದ ಅವರದೇ ಕ್ಯಾಪ್ಸೂಲ್, ತಿಂಗಳಿಗೆ 1,800. ಮಟ್ಟ ಒಂದಿಷ್ಟೂ ಅಲುಗಲಿಲ್ಲ. ಕೊನೆಗೆ ಡಾಕ್ಟರ್ ಚರ್ಮಕ್ಕೆ ಹಚ್ಚುವ ಜೆಲ್‌ಗೆ ಬದಲಾಯಿಸಿದರು, ಸರಿಹೋಯ್ತು. ನನಗಂತೂ ಜೆಲ್ಲೇ ದಾರಿ.

ಪ್ರವೀಣ್, ಹುಬ್ಬಳ್ಳಿ: ಬ್ಯಾಕ್ಟೀರಿಯಾ ವಿಷಯ ಸುಳ್ಳಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಗಂಡು ಇಲಿಯ ಕರುಳಿನ ಬ್ಯಾಕ್ಟೀರಿಯಾವನ್ನು ಎಳೆಯ ಹೆಣ್ಣಿಲಿಗೆ ಕೊಟ್ಟಾಗ ಅದರ ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಏರಿತ್ತು. ನಾನು ಟ್ರಾನ್ಸ್ ಗಂಡಸು, ಟೆಸ್ಟೋಸ್ಟೆರಾನ್ ಇಂಜೆಕ್ಷನ್‌ನಲ್ಲಿದ್ದೇನೆ. ಮೊದಲೆಲ್ಲ ಊಟ ಆದ ತಕ್ಷಣ ಹೊಟ್ಟೆ ನುಲಿಯುತ್ತಿತ್ತು, ಈಗ ಇಲ್ಲ. ಆದರೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೂರಕ್ಕೆ 54ರಷ್ಟು ಏರಿ ಡೋಸ್ ತಪ್ಪಿಸಬೇಕಾಯ್ತು. ಆ ವಾರಗಳ ಸುಸ್ತು, ಸಿಟ್ಟು ಯಾರಿಗೂ ಬೇಡ. ಮತ್ತೆ ಮತ್ತೆ ರಕ್ತ ಪರೀಕ್ಷೆ, ಬೆಂಗಳೂರಿಗೆ ಬಸ್ ಚಾರ್ಜು, ರಜೆ ಹಾಕಿದ ದಿನದ ಸಂಬಳ ಕಟ್. ಅದನ್ನು ಯಾರು ಕೊಡುತ್ತಾರೆ?

ನಿತ್ಯಾ: ಇಲಿಯಲ್ಲಿ ಆಗಿದ್ದು ನಮ್ಮಲ್ಲೂ ಆಗುತ್ತದೆ ಅಂತ ಹೇಳಬೇಡಿ ಪ್ರವೀಣ್. ನಾನು ಮೈಕ್ರೋಬಯಾಲಜಿ ಓದಿದವಳು. ನಮ್ಮ ಸಮುದಾಯದ ಮೇಲೆ ಆಗಿರುವ ಅಧ್ಯಯನಗಳೆಲ್ಲ ಚಿಕ್ಕವು. ಗೊತ್ತಿರುವುದು ಇಷ್ಟು: ನುಂಗಿದ ಎಸ್ಟ್ರಾಡಯೋಲ್ ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಅದಕ್ಕೆ ಗ್ಲುಕುರೋನಿಕ್ ಆ್ಯಸಿಡ್ ಅಂಟಿಸಿ ಪಿತ್ತದ ಜೊತೆ ಕರುಳಿಗೆ ಬಿಡುತ್ತದೆ. ಅಲ್ಲಿ ಕೆಲವು ಬ್ಯಾಕ್ಟೀರಿಯಾ ಬೀಟಾ-ಗ್ಲುಕುರೋನಿಡೇಸ್ ಎಂಬ ಕಿಣ್ವದಿಂದ ಆ ಅಂಟನ್ನು ಕತ್ತರಿಸುತ್ತವೆ. ಬಿಡುಗಡೆಯಾದ ಹಾರ್ಮೋನ್ ಸ್ವಲ್ಪ ಮತ್ತೆ ರಕ್ತಕ್ಕೆ ಸೇರುತ್ತದೆ. ಅಂದರೆ ಅವು ಹಾರ್ಮೋನ್ ವಾಪಸ್ ಕೊಡುವುದೂ ಉಂಟು. ಜೆಲ್ ಚರ್ಮದಿಂದ ನೇರ ರಕ್ತಕ್ಕೆ ಹೋಗುತ್ತದೆ, ಚಂದ್ರಿಕಾಗೆ ಕೆಲಸ ಮಾಡಿದ್ದು ಬಹುಶಃ ಅದಕ್ಕೇ.

ರೇಣುಕಾ: ಜೆಲ್ ಜೆಲ್ ಅಂತೀರಿ, ಹಮಾಮಿನಲ್ಲಿ (ಗುರುವಿನ ಆಶ್ರಯದಲ್ಲಿ ನಮ್ಮವರು ಒಟ್ಟಿಗಿರುವ ಮನೆ) ಇರುವವರಿಗೆ ಜೆಲ್ ಯಾರು ಕೊಡಿಸುತ್ತಾರೆ? ನಮ್ಮ ಕಾಲದಲ್ಲಿ ಡಾಕ್ಟರು ಬಾಗಿಲಿಗೇ ಸೇರಿಸುತ್ತಿರಲಿಲ್ಲ. ಮೆಡಿಕಲ್ ಶಾಪಿನ ಗರ್ಭನಿರೋಧಕ ಮಾತ್ರೆಯೇ ಗತಿ. ಗುರು ಕೊಟ್ಟರು, ನುಂಗಿದೆ. ಎಡಗಾಲಲ್ಲಿ ರಕ್ತ ಹೆಪ್ಪುಗಟ್ಟಿತು. ಆಸ್ಪತ್ರೆಯವರು ಗಂಡಸರ ವಾರ್ಡಿಗೆ ಹಾಕಿದರು. ಬಿಲ್ 62,000, ನೂರಕ್ಕೆ 5ರ ಬಡ್ಡಿಗೆ ಸಾಲ ತಂದೆ, ಅಸಲಿಗಿಂತ ಬಡ್ಡಿಯೇ ಜಾಸ್ತಿ ಕಟ್ಟಿದ್ದೇನೆ. ಹೊಟ್ಟೆಗೆ ಮೊಸರು, ರಾಗಿ ಅಂಬಲಿ ಬಿಟ್ಟು ಬೇರೆ ಏನೂ ತಗೊಂಡಿಲ್ಲ. ಸಹನಾ, ನೀನೂ ಅದನ್ನೇ ಕುಡಿ. ದಿನಾ ಒಂದು ಎಳನೀರು, ಎರಡು ಬಾಳೆಹಣ್ಣು.

ನಿತ್ಯಾ: ರೇಣುಕಮ್ಮ, ಬೇಡ! ಅವಳು ಸ್ಪೈರೊನೊಲ್ಯಾಕ್ಟೋನ್‌ನಲ್ಲಿದ್ದಾಳೆ. ಅದು ಪೊಟ್ಯಾಸಿಯಂ ಹೊರಹೋಗದಂತೆ ಹಿಡಿದಿಡುತ್ತದೆ. ಎಳನೀರು, ಬಾಳೆಹಣ್ಣಿನಲ್ಲಿ ತುಂಬಿರುವುದು ಅದೇ. ಜಾಸ್ತಿಯಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ರೇಣುಕಾ: ನೀನು ಓದಿದವಳು, ನಾವು ದಡ್ಡರು. ಸರಿ ಬಿಡಮ್ಮ.

ಚಂದ್ರಿಕಾ: ಅವರ ಮೇಲೆ ಯಾಕೆ ರೇಗುತ್ತೀರಿ ನಿತ್ಯಾ? ಇವತ್ತು ನಮಗೆ ಹಾರ್ಮೋನ್ ಚೀಟಿ ಬರೆಯುವ ಡಾಕ್ಟರ್ ಸಿಗುತ್ತಾರೆ ಅಂದರೆ ಅದು ಅವರಂಥವರು ಬೀದಿಗಿಳಿದದ್ದರಿಂದ. ಟ್ರಾನ್ಸ್ ಜನರ ಹಕ್ಕು ಒಪ್ಪಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಸುಮ್ನೆ ಬಂತಾ?

ನಿತ್ಯಾ: ಹೋರಾಟಕ್ಕೆ ನಾನೂ ಹೋದವಳೇ. ಪೊಟ್ಯಾಸಿಯಂಗೆ ತೀರ್ಪು ಗೊತ್ತಾಗಲ್ಲ.

ಪ್ರವೀಣ್, ಹುಬ್ಬಳ್ಳಿ: ಟ್ರಾನ್ಸ್ ಗಂಡಸರ ಪ್ರಶ್ನೆಗೆ ಎಂದಿನಂತೆ ಇಲ್ಲಿ ಯಾರೂ ಉತ್ತರಿಸುವುದಿಲ್ಲ.

ಚಂದ್ರಿಕಾ: ಪ್ರಶ್ನೆ ಕೇಳಿದ್ದು ಸಹನಾ, ನೀವಲ್ಲ.

ನಿತ್ಯಾ: ಸಹನಾ, ಸ್ಪೈರೊನೊಲ್ಯಾಕ್ಟೋನ್‌ನಿಂದಲೇ ಹೊಟ್ಟೆ ನುಲಿತ, ಭೇದಿ ಬರುವುದುಂಟು. ಊಟದ ಜೊತೆ ತಗೋ, ಖಾಲಿ ಹೊಟ್ಟೆಗೆ ಬೇಡ. ನೀನಾಗೇ ನಿಲ್ಲಿಸಬೇಡ. ಮೊಸರು ತಿನ್ನು, ಅದರಿಂದ ಹಾರ್ಮೋನ್ ಮಟ್ಟ ಏರುತ್ತದೆ ಅಂತ ಮಾತ್ರ ಕಾಯಬೇಡ. ಭೇದಿ ನಿಲ್ಲದಿದ್ದರೆ ಈ ವಾರವೇ ಡಾಕ್ಟರ್ ನೋಡು. ಪೊಟ್ಯಾಸಿಯಂ ಪರೀಕ್ಷೆ ಯಾವಾಗ ಮಾಡಿಸಿದ್ದೆ?

ಸಹನಾ, ತುಮಕೂರು: ಅದನ್ನು ಬರೆದೇ ಕೊಟ್ಟಿಲ್ಲ ಅಕ್ಕ. ನಾಳೆ ಲ್ಯಾಬಿಗೆ ಹೋಗುತ್ತೇನೆ.

ರೇಣುಕಾ: ಚೀಟಿ ಕೇಳಿ ಕಿರಿಕಿರಿ ಮಾಡಿದರೆ ಹೇಳು ಮಗಳೇ, ತುಮಕೂರಲ್ಲಿ ನಮ್ಮವರಿದ್ದಾರೆ, ಜೊತೆಗೆ ಬರುತ್ತಾರೆ.