ಟೈಟಾನಿಕ್ ಮುಳುಗೇ ಇಲ್ವಂತೆ: ನಮ್ಮನೆ ಗ್ರೂಪಲ್ಲಿ ನಡೆದ ಮಾತು

ಮೈಸೂರ್ ಮಾವ: (ಫಾರ್ವರ್ಡ್) 1912ರಲ್ಲಿ ಮುಳುಗಿದ್ದು ಟೈಟಾನಿಕ್ ಅಲ್ಲವೇ ಅಲ್ಲ!! ಅದರ ಜೋಡಿ ಹಡಗು ಒಲಿಂಪಿಕ್! ಡ್ಯಾಮೇಜ್ ಆಗಿದ್ದ ಹಡಗಿಗೆ ಟೈಟಾನಿಕ್ ಅಂತ ಹೆಸರು ಬರೆದು ಇನ್ಶೂರೆನ್ಸ್ ದುಡ್ಡಿಗಾಗಿ ಮುಳುಗಿಸಿದರು. ಎಲ್ಲರಿಗೂ ತಲುಪಿಸಿ.

ಹಾಸನ ಚಿಕ್ಕಮ್ಮ: ಅಯ್ಯೋ ದೇವ್ರೇ, ದುಡ್ಡಿಗೋಸ್ಕರ ಅಷ್ಟು ಜನಾನ ಸಾಯಿಸಿದ್ರಾ 😢

ನಾನು: ಮಾವ ಇದು ಸುಳ್ಳು, ದಯವಿಟ್ಟು ಬೇರೆ ಗ್ರೂಪಿಗೆ ಹಾಕ್ಬೇಡಿ. ಲೆಕ್ಕಾನೇ ಕೂಡಿ ಬರಲ್ಲ. ಟೈಟಾನಿಕ್ ಕಟ್ಟೋಕೆ ಖರ್ಚಾಗಿದ್ದು 15 ಲಕ್ಷ ಪೌಂಡು, ಇನ್ಶೂರೆನ್ಸ್ ಇದ್ದಿದ್ದು 10 ಲಕ್ಷಕ್ಕೆ. ಕೈಯಿಂದ 5 ಲಕ್ಷ ಕಳ್ಕೊಳ್ಳೋಕೆ ಯಾರು ಮುಳುಗಿಸ್ತಾರೆ?

ಮೈಸೂರ್ ಮಾವ: ಹಂಗಾದ್ರೆ ಒಲಿಂಪಿಕ್‌ಗೆ ಯುದ್ಧನೌಕೆ ಬಂದು ಗುದ್ದಿದ್ದು ಸುಳ್ಳಾ? ನಾನೂ ಓದಿದೀನಪ್ಪ.

ನಾನು: ಗುದ್ದಿದ್ದು ನಿಜ. 1911 ಸೆಪ್ಟೆಂಬರ್ 20, ಸೌತಾಂಪ್ಟನ್ ಹತ್ರ, ಹಾಕ್ ಅನ್ನೋ ಕ್ರೂಸರ್ ಬಲಗಡೆ ಹಿಂಭಾಗಕ್ಕೆ ಹೊಡೀತು, ಎರಡು ಕಂಪಾರ್ಟ್‌ಮೆಂಟಿಗೆ ನೀರು ನುಗ್ತು, ಆದ್ರೂ ತನ್ನ ಇಂಜಿನ್ ಮೇಲೇನೇ ವಾಪಸ್ ಬಂತು. ಎರಡೂ ಹಡಗು ಕಟ್ಟಿದ್ದ ಬೆಲ್‌ಫಾಸ್ಟಲ್ಲೇ ರಿಪೇರಿ ಆಗಿ ನವೆಂಬರ್ ಕೊನೇಲಿ ಮತ್ತೆ ನ್ಯೂಯಾರ್ಕಿಗೆ ಹೊರಟೇಬಿಡ್ತು. ಗುಜರಿಗೆ ಹಾಕೋ ಸ್ಥಿತೀಲಿ ಇರಲೇ ಇಲ್ಲ ಅದು. ಇನ್ನೊಂದು, ಸಮುದ್ರದ ತಳದಲ್ಲಿ ಸಿಕ್ಕಿರೋ ಪ್ರೊಪೆಲ್ಲರ್ ಮೇಲೆ 401 ಅಂತಿದೆ, ಅದು ಕಟ್ಟೋವಾಗ ಟೈಟಾನಿಕ್‌ಗೆ ಕೊಟ್ಟಿದ್ದ ನಂಬರ್. ಒಲಿಂಪಿಕ್ ನಂಬರ್ 400.

ಬೆಂಗ್ಳೂರ್ ಭಾವ: ಪ್ರೊಪೆಲ್ಲರ್ ಬಿಚ್ಚಿ ಇದಕ್ಕೊಂದು ಅದಕ್ಕೊಂದು ಹಾಕಿರಬಹುದಲ್ವಾ? ದೊಡ್ಡೋರು ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಮುಚ್ಚಿಹಾಕ್ತಾರೆ.

ನಾನು: ಭಾವ, ಮುಚ್ಚಿಹಾಕೋಕೆ ನೋಡಿದ ಕೇಸು ಇದೇ ಒಲಿಂಪಿಕ್ ಕಥೇಲೇ ಇದೆ. 1914 ಅಕ್ಟೋಬರ್ 27, ಐರ್ಲೆಂಡ್ ಉತ್ತರಕ್ಕೆ ಆಡೇಶಿಯಸ್ ಅನ್ನೋ ಬ್ರಿಟಿಷ್ ಯುದ್ಧನೌಕೆ ನೀರಲ್ಲಿ ಇಟ್ಟಿದ್ದ ಮೈನ್ ಅನ್ನೋ ಬಾಂಬಿಗೆ ಸಿಕ್ಕಿ ಮುಳುಗ್ತಾ ಇತ್ತು, ದಾರೀಲಿ ಬರ್ತಿದ್ದ ಒಲಿಂಪಿಕ್ ಅದಕ್ಕೆ ಹಗ್ಗ ಕಟ್ಟಿ ಎಳೀತು, ಹಗ್ಗ ನಿಲ್ಲಲಿಲ್ಲ, ರಾತ್ರಿ ಮುಳುಗ್ತು. ನೌಕಾಪಡೆಯೋರು ವಿಷಯ ಹೊರಗೆ ಬರಬಾರದು ಅಂತ ಒಲಿಂಪಿಕ್ ಪ್ರಯಾಣಿಕರನ್ನ ದಡಕ್ಕೇ ಬಿಡದೆ ಹಿಡಿದಿಟ್ರು. ಏನಾಯ್ತು? ಹಡಗಲ್ಲಿದ್ದ ಅಮೆರಿಕನ್ನರು ಫೋಟೋ ತೆಗೆದಿದ್ರು, ನವೆಂಬರಲ್ಲೇ ಅಮೆರಿಕದ ಪೇಪರಲ್ಲಿ ಬಂತು! ಯುದ್ಧದ ಟೈಮಲ್ಲಿ ಸರ್ಕಾರದ ಕೈಲೇ ಒಂದು ತಿಂಗಳು ಗುಟ್ಟು ನಿಲ್ಲಲಿಲ್ಲ, ಬೆಲ್‌ಫಾಸ್ಟಿನ ಸಾವಿರಾರು ಬಡಗಿಗಳು ಕಮ್ಮಾರರು ಎರಡು ಹಡಗು ಅದಲು ಬದಲು ಮಾಡಿ ಸಾಯೋವರೆಗೂ ಬಾಯಿ ಮುಚ್ಕೊಂಡಿದ್ರು ಅಂದ್ರೆ ನಂಬೋದು ಹೇಗೆ?

ಬೆಂಗ್ಳೂರ್ ಭಾವ: ಹ್ಞೂಂ. ಇದು ಪಾಯಿಂಟು.

ನಾನು: ನಂಗೆ ಬೇಜಾರಾಗೋದು ಇನ್ನೊಂದಕ್ಕೆ. ಈ ಫಾರ್ವರ್ಡ್ ನಂಬಿದ್ರೆ ಒಲಿಂಪಿಕ್ 24 ವರ್ಷ ಅಟ್ಲಾಂಟಿಕ್ ದಾಟಿದ್ದೇ ಬೇರೆ ಹಡಗಿನ ಲೆಕ್ಕಕ್ಕೆ ಹೋಗುತ್ತೆ. ಯುದ್ಧದಲ್ಲಿ ಎರಡು ಲಕ್ಷದಷ್ಟು ಸೈನಿಕರನ್ನ ಹೊತ್ತಿದೆ, ‘ಓಲ್ಡ್ ರಿಲಯಬಲ್’ ಅಂತ ಕರೀತಿದ್ರು. 1918 ಮೇ 12ರ ಬೆಳಗಿನ ಜಾವ ಅಮೆರಿಕನ್ ಸೈನಿಕರು ತುಂಬಿದ್ದಾಗ ಯು-103 ಅನ್ನೋ ಜರ್ಮನ್ ಸಬ್‌ಮರೀನ್ ಎದುರಿಗೆ ಕಂಡ್ರೆ ಕ್ಯಾಪ್ಟನ್ ಹೇಯ್ಸ್ ತಪ್ಪಿಸ್ಕೊಂಡು ಹೋಗಲಿಲ್ಲ, ಅದರ ಕಡೆಗೇ ತಿರುಗಿಸಿ ಗುದ್ದಿಸಿದ್ರು, ಪ್ರೊಪೆಲ್ಲರ್ ಸಬ್‌ಮರೀನ್ ಮೈಯನ್ನ ಸೀಳಿಹಾಕ್ತು.

ಹಾಸನ ಚಿಕ್ಕಮ್ಮ: ಟೈಟಾನಿಕ್ ಮುಳುಗಿದ ಮೇಲೂ ಜನ ಅದರ ಜೋಡಿ ಹಡಗು ಹತ್ತೋಕೆ ಹೆದರಲಿಲ್ವಾ?

ನಾನು: ಹೆದರಿದ್ರು ಚಿಕ್ಕಮ್ಮ, ಮೊದಲು ನಿಂತಿದ್ದು ಕೆಲಸದೋರೇ. ಟೈಟಾನಿಕ್ ಮುಳುಗಿ ಹತ್ತು ದಿನ ಆಗಿಲ್ಲ, ಅವಸರದಲ್ಲಿ ಹಳೇ ಮಡಚೋ ದೋಣಿಗಳನ್ನ ತಂದು ಒಲಿಂಪಿಕ್‌ಗೆ ಹಾಕಿದ್ರು. ಬಾಯ್ಲರಿಗೆ ಕಲ್ಲಿದ್ದಲು ಹಾಕೋರು ಸುಮಾರು 280 ಜನ, ಈ ದೋಣಿ ಮೇಲೆ ನಂಬಿಕೆ ಇಲ್ಲ ಅಂತ ಇಳಿದುಬಿಟ್ರು. ನೀರಿಗಿಳಿಸಿ ನೋಡಿದ್ರೆ ಒಂದು ಸೋರ್ತಿತ್ತು! ಆಮೇಲೆ ನಾವಿಕರೂ ಇಳಿದ್ರು, ಅವರ ಮೇಲೆ ದಂಗೆ ಕೇಸು. ತಪ್ಪು ಸಾಬೀತಾಯ್ತು, ಆದ್ರೆ ಕೋರ್ಟು ಶಿಕ್ಷೆ ಕೊಡಲಿಲ್ಲ. ಅದೇ ವರ್ಷ ಹಡಗನ್ನ ಬೆಲ್‌ಫಾಸ್ಟಿಗೆ ಕಳಿಸಿ ಒಳಗೆ ಎರಡನೇ ಗೋಡೆ ಹಾಕಿ, ಎಲ್ಲರಿಗೂ ಸಾಕಾಗೋಷ್ಟು ದೋಣಿ ಇಟ್ರು.

ಅಕ್ಕ ಯುಕೆ: ಈಗ ನೋಡ್ದೆ ಎಲ್ಲಾನೂ. ನಾವು ಆನಿಕ್ (Alnwick) ಊರಿಗೆ ಹೋಗಿದ್ವಲ್ಲ, ಅಲ್ಲಿ ವೈಟ್ ಸ್ವಾನ್ ಅಂತ ಹೋಟೆಲ್, ಅದರ ಊಟದ ಹಾಲಲ್ಲಿ ಒಲಿಂಪಿಕ್‌ನಿಂದ ಬಿಚ್ಚಿ ತಂದ ಮರದ ಕೆತ್ತನೆಗಳನ್ನೇ ಗೋಡೆಗೆ ಹಾಕಿದಾರೆ. ಕೈಯಿಟ್ಟು ನೋಡ್ದೆ, ಎಲೆ ಬಳ್ಳಿ ಒಂದೊಂದೂ ಬೆರಳಿಗೆ ಸಿಗುತ್ತೆ, ಅಂಚುಗಳು ಸವೆದು ನುಣ್ಣಗಾಗಿವೆ. 1935ರಲ್ಲಿ ಹಡಗನ್ನ ಒಡೆಯೋಕೆ ತಂದಿದ್ದು ಇಲ್ಲೇ ಜ್ಯಾರೋಗೆ, ಶಿಪ್‌ಯಾರ್ಡ್ ಮುಚ್ಚಿ ಊರಿಗೂರೇ ಕೆಲಸ ಇಲ್ದೆ ಕೂತಿತ್ತು, ಅವರಿಗೆ ಕೆಲಸ ಸಿಗಲಿ ಅಂತಾನೇ ಒಬ್ಬ ಎಂಪಿ ಸುಮಾರು ಒಂದು ಲಕ್ಷ ಪೌಂಡ್ ಕೊಟ್ಟು ಕೊಂಡ್ಕೊಂಡ.

ಮೈಸೂರ್ ಮಾವ: ನೀನು ಮುಟ್ಟಿದೀಯಾ ಅಂದ್ರೆ ಇನ್ನೇನು ಹೇಳ್ಲಿ. ಆದ್ರೆ ಇವ್ನು ಹೇಳಿದಷ್ಟು ಒಳ್ಳೇ ಹಡಗೂ ಅಲ್ಲ ಅದು, ದೀಪದ ಹಡಗಿಗೆ ಗುದ್ದಿ ಜನ ಸತ್ರು ಅಂತ ಇಲ್ಲಿದೆ ನೋಡು.

ನಾನು: ಅದೂ ನಿಜ ಮಾವ, ಬಚ್ಚಿಡಲ್ಲ. 1934 ಮೇ 15, ಅಮೆರಿಕದ ನ್ಯಾಂಟಕೆಟ್ ಹತ್ರ ದಟ್ಟ ಮಂಜು. ಹಡಗುಗಳಿಗೆ ದಾರಿ ತೋರಿಸೋಕೆ ಅಂತ ನಡುನೀರಲ್ಲಿ ಲಂಗರು ಹಾಕಿ ನಿಂತಿರ್ತಿತ್ತು ಆ ಚಿಕ್ಕ ಹಡಗು. ಅದರ ರೇಡಿಯೋ ಸಿಗ್ನಲ್ ಹಿಡ್ಕೊಂಡೇ ಒಲಿಂಪಿಕ್ ಬರ್ತಿತ್ತು, ಬಂದು ನೇರ ಅದಕ್ಕೇ ಹೊಡೀತು. 11 ಜನದಲ್ಲಿ 7 ಜನ ಹೋದ್ರು. ಕರೆದ ದೀಪಕ್ಕೇ ಗುದ್ದಿದ ಹಾಗಾಯ್ತು, ಅದನ್ನ ಓದಿದ ದಿನ ನಂಗೆ ನಿದ್ದೆ ಬರಲಿಲ್ಲ.

ಮೈಸೂರ್ ಮಾವ: ಉಳಿದ ನಾಲ್ಕು ಜನ?

ನಾನು: ಬದುಕಿದ್ರು ಮಾವ. ಒಲಿಂಪಿಕ್ಕೇ ದೋಣಿ ಇಳಿಸಿ ಎತ್ಕೊಂಡ್ತು.

ಮೈಸೂರ್ ಮಾವ: ಫಾರ್ವರ್ಡ್ ಡಿಲೀಟ್ ಮಾಡಿದೀನಿ. ಅಕ್ಕಂಗೆ ಹೇಳು, ಆ ಕೆತ್ತನೆ ಫೋಟೋ ಇದ್ರೆ ಕಳಿಸ್ಲಿ.