ಆಯ್ಕೆ ಬದಲಾದರೂ ವಿಳಾಸ ಬದಲಾಗದ ಪುಟವನ್ನು ಬುಕ್‌ಮಾರ್ಕ್ ಮಾಡುವುದು ಹೇಗೆ?

ಪ್ರಶ್ನೆ (ಉಡುಪಿ):
ನಮಸ್ಕಾರ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಿಂದ ಕಾರ್ಕಳ, ಕುಂದಾಪುರ, ಹೆಬ್ರಿಗಳಿಗೆ ಹೊರಡುವ ಬಸ್ಸುಗಳ ವೇಳಾಪಟ್ಟಿಗೆಂದು ಒಂದು ಪುಟ ಮಾಡಿದ್ದೇನೆ. ಊರನ್ನೂ ಹೊತ್ತನ್ನೂ ಆರಿಸಿದ ಕೂಡಲೇ, ಪುಟ ಮತ್ತೆ ಲೋಡ್ ಆಗದೆ, ಜಾವಾಸ್ಕ್ರಿಪ್ಟ್ ಮೂಲಕ ಪಟ್ಟಿ ಬದಲಾಗುತ್ತದೆ; ಆದರೆ ವಿಳಾಸ ಇದ್ದಂತೆಯೇ ಇರುತ್ತದೆ. ನನ್ನ ಅಕ್ಕ ಹೆಬ್ರಿಯ ಬೆಳಗ್ಗಿನ ಬಸ್ಸುಗಳ ಪಟ್ಟಿಯನ್ನು ಬುಕ್‌ಮಾರ್ಕ್ ಮಾಡಿಟ್ಟು ಮರುದಿನ ತೆರೆದರೆ ಏನೂ ಆರಿಸದ ಖಾಲಿ ಪುಟ ಬಂತು. ಬ್ಯಾಕ್ ಒತ್ತಿದರೂ ಹಿಂದಿನ ಆಯ್ಕೆ ಬಾರದೆ ಸೈಟಿನಿಂದಲೇ ಹೊರಗೆ ಹೋಗುತ್ತದೆ. ವಿಳಾಸದ ಕೊನೆಗೆ ಹ್ಯಾಶ್ ಚಿಹ್ನೆ (#) ಸೇರಿಸಿದರೆ ಸಾಕೇ?

ಉತ್ತರ (ಮಂಗಳೂರು):
ಹ್ಯಾಶ್‌ನ ನಂತರ ಆಯ್ಕೆಯನ್ನೂ ಬರೆದು, ಪುಟ ತೆರೆದಾಗ ಅದನ್ನು ಓದಿ ಪಟ್ಟಿ ತೋರಿಸಿದರೆ ನಿಮ್ಮ ಅಕ್ಕನ ತೊಂದರೆ ನೀಗಲು ಅಷ್ಟು ಸಾಕು. ಹ್ಯಾಶ್‌ನ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ (ಪುಟವನ್ನು ಕಳುಹಿಸಿಕೊಡುವ ಕಂಪ್ಯೂಟರಿಗೆ) ಕಳುಹಿಸುವುದೇ ಇಲ್ಲವಾದ್ದರಿಂದ, ಅದನ್ನು ಬದಲಿಸಿದರೆ ಪುಟ ಮರಳಿ ಲೋಡ್ ಆಗುವುದಿಲ್ಲ. ಆದರೂ ಬ್ರೌಸರಿನ ಇತಿಹಾಸದಲ್ಲಿ ಹೊಸ ನಮೂದು ಸೇರುತ್ತದೆ, ಬ್ಯಾಕ್ ಒತ್ತಿದಾಗ ಹ್ಯಾಶ್‌ಚೇಂಜ್ ಈವೆಂಟ್ (ಹ್ಯಾಶ್ ಬದಲಾಯಿತೆಂದು ಬ್ರೌಸರ್ ಪುಟಕ್ಕೆ ಕೊಡುವ ಸೂಚನೆ) ಬರುತ್ತದೆ. ಆದರೆ ಅದೇ ಕಾರಣಕ್ಕೆ ಸರ್ವರ್‌ಗೆ ಆಯ್ಕೆಯ ಸುಳಿವೇ ಸಿಗುವುದಿಲ್ಲ. ಇಂಥ ಪುಟಗಳೂ ಗೂಗಲ್ ಹುಡುಕಾಟಕ್ಕೆ ಸಿಗಲೆಂದು ಹ್ಯಾಶ್‌ನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಇಡುವ ಪದ್ಧತಿಯನ್ನು ಗೂಗಲ್ 2009ರಲ್ಲಿ ಮುಂದಿಟ್ಟಿತ್ತು, 2015ರಲ್ಲಿ ತಾನೇ ಕೈಬಿಟ್ಟಿತು.

ಉತ್ತರ (ಮಣಿಪಾಲ):
ಇಂದು ಹೊಸದಾಗಿ ಮಾಡುವವರು ಹಿಸ್ಟರಿ ಎಪಿಐ (ಬ್ರೌಸರಿನ ಇತಿಹಾಸವನ್ನೂ ವಿಳಾಸವನ್ನೂ ಜಾವಾಸ್ಕ್ರಿಪ್ಟ್‌ನಿಂದ ಬದಲಿಸುವ ಸೌಲಭ್ಯ) ಬಳಸುವುದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ. ಊರು ಮತ್ತು ಹೊತ್ತನ್ನು ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರೆದು, ಇತಿಹಾಸಕ್ಕೆ ಹೊಸ ನಮೂದು ಸೇರಿಸುವ ಪುಶ್‌ಸ್ಟೇಟ್ ಮೂಲಕ ವಿಳಾಸ ಬದಲಿಸಿ. ಪುಟದಲ್ಲಿ ಹುಡುಕಾಟದ ಪೆಟ್ಟಿಗೆಯಿದ್ದರೆ, ಅದರಲ್ಲಿ ಅಕ್ಷರ ಟೈಪಿಸುವಾಗ ಮಾತ್ರ, ಈಗಿನ ನಮೂದನ್ನೇ ಬದಲಿಸುವ ರಿಪ್ಲೇಸ್‌ಸ್ಟೇಟ್ ಬಳಸಿ. ಇಲ್ಲದಿದ್ದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಸಲ ಬ್ಯಾಕ್ ಒತ್ತಬೇಕಾದೀತು. ಹೆಚ್ಚಿನವರು ಎಡವುವುದು ಇಲ್ಲಿ: ಪುಶ್‌ಸ್ಟೇಟ್ ಕರೆದಾಗ ಪಾಪ್‌ಸ್ಟೇಟ್ ಈವೆಂಟ್ (ಇತಿಹಾಸದ ಬೇರೆ ನಮೂದಿಗೆ ಹೋದಾಗಿನ ಸೂಚನೆ) ಬರುವುದಿಲ್ಲ, ಬ್ಯಾಕ್ ಅಥವಾ ಫಾರ್ವರ್ಡ್ ಒತ್ತಿದಾಗಷ್ಟೇ ಬರುತ್ತದೆ. ಆದ್ದರಿಂದ ವಿಳಾಸವನ್ನು ಓದಿ ಪಟ್ಟಿ ತೋರಿಸುವ ಫಂಕ್ಷನ್ ಒಂದೇ ಇರಲಿ. ಪುಟ ತೆರೆದಾಗಲೂ, ಆಯ್ಕೆ ಬದಲಾದಾಗಲೂ, ಪಾಪ್‌ಸ್ಟೇಟ್ ಬಂದಾಗಲೂ ಅದನ್ನೇ ಕರೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡನೆಯ ಕ್ರಮವನ್ನೇ ಅನುಸರಿಸಿದೆ, ಬ್ಯಾಕ್ ಈಗ ಸರಿಯಾಗಿದೆ. ಆದರೆ ವಿಳಾಸದಲ್ಲಿ ‘ಹೆಬ್ರಿ’ ಎಂದು ಕನ್ನಡದಲ್ಲೇ ಇಟ್ಟದ್ದರಿಂದ, ಅದನ್ನು ವಾಟ್ಸಾಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಬರುತ್ತಿದೆ.

ಉತ್ತರ (ಮಣಿಪಾಲ):
ಅದು ದೋಷವಲ್ಲ. ‘ಹೆಬ್ರಿ’ಯಲ್ಲಿ ಯೂನಿಕೋಡ್‌ನ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆಯ) 6 ಸಂಕೇತಗಳಿವೆ, ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಪ್ರತಿ ಬೈಟ್ ವಿಳಾಸದಲ್ಲಿ ಶೇಕಡಾ ಚಿಹ್ನೆಯೂ ಸೇರಿ 3 ಅಕ್ಷರವಾಗುವುದರಿಂದ ಒಟ್ಟು 54 ಅಕ್ಷರ ಆಗುತ್ತದೆ. ಊರಿಗೊಂದು ಅಂಕಿ ಕೊಟ್ಟು ಅದನ್ನೇ ವಿಳಾಸದಲ್ಲಿಡಿ. ಮುಂದೆ ಊರುಗಳ ಕ್ರಮ ಬದಲಿಸಿದರೂ ಆ ಅಂಕಿಯನ್ನು ಬದಲಿಸಬೇಡಿ. ಬದಲಿಸಿದರೆ ಅಕ್ಕನ ಹಳೆಯ ಬುಕ್‌ಮಾರ್ಕ್ ಕುಂದಾಪುರದ ಬಸ್ಸುಗಳನ್ನು ತೋರಿಸೀತು.